ದುಂದುಭಿಯ ಬೂದಿ ಗದ್ದೆಗೆ ಹೋದದ್ದು

೧೯೭೨ರಲ್ಲಿ ನಾನು ಪುರಾತತ್ವ ಶಾಖೆಯೊಂದರಲ್ಲಿ ಉತ್ಖನನ ಸಹಾಯಕ. ಕ್ಯಾಂಪ್ ಹೊಸಪೇಟೆಯಲ್ಲಿ. ಮೇಲಧಿಕಾರಿಗಳು ಬಂದರೆ ಹಂಪಿ ಬಜಾರ್‌ನ ಕಲ್ಲುಮಂಟಪಗಳ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಯ ರೈಲು ಹಿಡಿಯುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಕಂಪ್ಲಿ ಕಡೆಯ ಒಂದು ಹಳ್ಳಿಯ ಹೊರಗಿದ್ದ ಬೂದಿದಿಬ್ಬ. ಎರಡಾಳೆತ್ತರದ ಬೂದು ಗುಡ್ಡೆ, ಯಾರೂ ಅದರ ಫೋಟೊ ತೆಗೆಯುತ್ತಿರಲಿಲ್ಲ.

ಸಿಂಧೂ ಬಯಲಿನಲ್ಲಿ ಇಟ್ಟಿಗೆಯ ಊರುಗಳು ಬಾಳುತ್ತಿದ್ದ ಕಾಲಕ್ಕೆ ಈ ಕಡೆ ಕಲ್ಲುಕೊಡಲಿಯ ದನಗಾಹಿಗಳಿದ್ದರು. ದನಗಳನ್ನು ದೊಡ್ಡಿಯಲ್ಲಿ ಕೂಡಿಹಾಕಿ, ರಾಶಿಯಾದ ಸಗಣಿಗೆ ಆಗಾಗ ಬೆಂಕಿ ಇಡುತ್ತಿದ್ದರು. ಹಬ್ಬಕ್ಕೋ, ರೋಗ ಕಳೆಯಲೋ, ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ತಲೆಮಾರುಗಟ್ಟಲೆ ಹಾಗೆ ಸುಟ್ಟು ಸುಟ್ಟು ಬೆಳೆದದ್ದೇ ಈ ದಿಬ್ಬ.

ಊರವರ ಕಥೆ ಬೇರೆ. ಇದು ಕಿಷ್ಕಿಂಧೆಯ ನೆಲ. ವಾಲಿ ಕೊಂದೆಸೆದ ಕೋಣರಾಕ್ಷಸ ದುಂದುಭಿಯ ಹೆಣ ಇಲ್ಲಿ ಸುಟ್ಟು ಬೂದಿಯಾಯಿತು ಎನ್ನುತ್ತಿದ್ದರು. ದಿಬ್ಬದ ಮೇಲೆ ನೇಗಿಲು ಇಡುವಂತಿಲ್ಲ, ಚಕ್ಕಡಿ ಹೊಡೆಯುವಂತಿಲ್ಲ. ದನಕ್ಕೆ ಕಾಲುಬೇನೆ ಬಂದರೆ ಮಾತ್ರ ಚೂರು ಬೂದಿ ತಂದು ಗೊರಸಿಗೆ ಹಚ್ಚಿ, ಮಿಕ್ಕದ್ದನ್ನು ಮರಳಿ ಅಲ್ಲೇ ಸುರಿದು ಕೈಮುಗಿದು ಬರಬೇಕು. ಮನೆಯಲ್ಲಿಟ್ಟುಕೊಂಡರೆ ಕೊಟ್ಟಿಗೆ ಖಾಲಿಯಾಗುತ್ತದೆಂಬ ಭಯ. ಕಾಲುವೆ ನೀರು ಬಂದು ಸುತ್ತಲಿನ ಎರೆಭೂಮಿಯೆಲ್ಲ ಬತ್ತ, ಕಬ್ಬಿನ ಗದ್ದೆಯಾದಾಗಲೂ ದಿಬ್ಬಕ್ಕೆ ಯಾರ ಸನಿಕೆಯೂ ತಾಗಿರಲಿಲ್ಲ. ನಾವು ಕಾವಲುಗಾರನನ್ನು ನೇಮಿಸಿರಲಿಲ್ಲ, ಆ ಕೆಲಸ ದುಂದುಭಿಯೇ ನೋಡಿಕೊಳ್ಳುತ್ತಿದ್ದ.

ಊರಿನ ಆಳುಗಳು ಅಗೆಯಲು ಒಪ್ಪಲಿಲ್ಲ. ಸಂಡೂರಿನ ಗಣಿಯಲ್ಲಿ ದುಡಿದಿದ್ದವರನ್ನು ಕರೆತಂದು ಒಂದು ಟ್ರೆಂಚ್, ಅಂದರೆ ಅಳತೆಯ ಗುಂಡಿ, ತೆಗೆಸಿದೆ. ಬೂದಿಯ ಪದರಗಳ ತಳದಲ್ಲಿ ಬೆಂಕಿಗೆ ಬೆಂದು ಗಟ್ಟಿಯಾದ ಕೆಸರು, ಅದರಲ್ಲಿ ಅಚ್ಚೊತ್ತಿದ ದನದ ಗೊರಸುಗಳು. ಆ ಬೆಳಿಗ್ಗೆ ನಾನು ಗುಂಡಿಯಿಂದ ಮೇಲೇಳಲೇ ಇಲ್ಲ, ಊಟದ ನೆನಪೂ ಆಗಲಿಲ್ಲ. ಕಂಡದ್ದು ಒಂದು ಮೂಲೆ ಮಾತ್ರ. ದೊಡ್ಡಿಯ ಬಾಗಿಲು ಎಲ್ಲಿತ್ತು, ದನ ಯಾವ ಕಡೆ ಮೇಯಲು ಹೋಗುತ್ತಿದ್ದವು ಎಂಬುದೆಲ್ಲ ಉಳಿದ ಭಾಗದಲ್ಲಿತ್ತು. ಮಳೆ ಹತ್ತಿರ ಬಂದಿದ್ದರಿಂದ ಗುಂಡಿಯನ್ನು ಮಣ್ಣಿನಿಂದ ಮುಚ್ಚಿಸಿದೆ.

ಅಷ್ಟರಲ್ಲಿ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಬಂದರು. ಒಳ್ಳೆಯ ವಿದ್ವಾಂಸರು, ಆದರೆ ಮೈಕು ಕಂಡರೆ ತಡೆಯಲಾರರು. ಊರವರಿಗೆ ಭಾಷಣ ಮಾಡುತ್ತೇನೆಂದರು. ದಿಬ್ಬವನ್ನು ಸಂರಕ್ಷಿತವೆಂದು ಘೋಷಿಸುವ ಅಧಿಸೂಚನೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದೆ, ಅದು ಬರಲಿ, ಆಮೇಲೆ ಮಾತಾಡೋಣ ಎಂದು ಬೇಡಿಕೊಂಡೆ. ಮೌಢ್ಯ ಕಳೆಯುವುದಕ್ಕೂ ಅಧಿಸೂಚನೆ ಬೇಕೇನಯ್ಯಾ ಎಂದು ಗದರಿದರು.

ಶಾಲೆಯ ಅಂಗಳದಲ್ಲಿ ಅವರು ಸೊಗಸಾಗಿಯೇ ಮಾತಾಡಿದರು. ರಾಕ್ಷಸನೂ ಇಲ್ಲ, ಮಣ್ಣೂ ಇಲ್ಲ, ಇದು ಸಗಣಿ ಸುಟ್ಟ ಬೂದಿ ಎಂದರು. ಹಿರಿಯರೊಬ್ಬರು ಎದ್ದು, ಹಾಗಾದರೆ ಬೂದಿ ಇಟ್ಟುಕೊಂಡವರ ಎತ್ತು ಸತ್ತದ್ದು ಹೇಗೆ ಎಂದು ಕೇಳಿದರು. ಎತ್ತಿಗೂ ವಯಸ್ಸಾಗುತ್ತದೆ ಅಜ್ಜಾ ಎಂದರು ಸಾಹೇಬರು. ಅಂಗಳವೆಲ್ಲ ನಕ್ಕಿತು, ಅಜ್ಜ ಕೂತುಬಿಟ್ಟರು. ಅವರ ಮಗ ಬಸವನಗೌಡ, ದಿಬ್ಬದ ಪಕ್ಕದ ಗದ್ದೆಯವನು, ಮೆಲ್ಲಗೆ ಎದ್ದ.

"ಅಂದ್ರ ಇದು ಬರೇ ಸಗಣಿ ಬೂದಿ ಏನ್ರಿ?"

"ನೂರಕ್ಕೆ ನೂರು" ಎಂದರು ಸಾಹೇಬರು. ಆ ಬೂದಿಗೆ ನಾಲ್ಕು ಸಾವಿರ ವರ್ಷವಾಗಿದೆ ಎಂದು ಅವರು ಭಾಷಣದಲ್ಲಿ ಹೇಳಿದ್ದ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ.

ಅಧಿಸೂಚನೆಗಾಗಿ ಮಳೆಗಾಲವಿಡೀ ಬಳ್ಳಾರಿಯ ಕಚೇರಿಗೆ ಅಲೆದೆ. ಒಂದು ಸಲ ಸರ್ವೇ ನಂಬರ್ ತಪ್ಪಿದೆ ಎಂದರು, ಇನ್ನೊಂದು ಸಲ ನಕ್ಷೆ ಇಲ್ಲ ಎಂದರು, ಮತ್ತೊಂದು ಸಲ ಅಲ್ಲಿಯ ಅಧಿಕಾರಿ ರಜೆ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆಯಿರಬೇಕು.

ದೀಪಾವಳಿ ಕಳೆದ ಮೇಲೆ ಹಳ್ಳಿಗೆ ಹೋದರೆ ದಿಬ್ಬದ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಬೂದಿಯೆಲ್ಲ ಸಾಗಿಸಿ, ತಳದ ಬೆಂದ ಕೆಸರನ್ನೂ ಒಡೆದು ಟ್ರೇಲರಿಗೆ ತುಂಬುತ್ತಿದ್ದರು. ಹೆಂಟೆಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಒಂದರಲ್ಲೂ ಪೂರ್ತಿ ಗೊರಸಿರಲಿಲ್ಲ. ಅಳು ಬಂತು, ಅಳಲು ಸಿಟ್ಟು ಬಿಡಲಿಲ್ಲ.

ಬಸವನಗೌಡ ಕೆಟ್ಟ ಮನುಷ್ಯನಲ್ಲ. ಚಹಾ ತರಿಸಿದ, ಬೂದಿ ಹಾಕಿದ ಮೇಲೆ ಬತ್ತ ಹೇಗೆ ಬಂದಿದೆ ನೋಡಿ ಎಂದು ಗದ್ದೆ ತೋರಿಸಿದ. ಕಾನೂನಿನ ಮಾತೆತ್ತಿದೆ, ಕಾಗದ ಎಲ್ಲಿ ಎಂದ. ಗೊರಸಿನ ಕಥೆ ಹೇಳಿದೆ; ದನದ ಹೆಜ್ಜೆ ನಮ್ಮ ಹಿತ್ತಲಲ್ಲೂ ಇವೆ ಎಂದ. ಕೊನೆಗೆ ಎಂ.ಎ. ಓದಿದ ನಾನು ನಾಚಿಕೆ ಬಿಟ್ಟು ಕೇಳಿದೆ:

"ಗೌಡ್ರೇ, ರಾಕ್ಷಸನ ಬೂದಿ ಒಯ್ದು ಇಟ್ಟುಕೊಂಡರೆ ದನಕ್ಕೆ ಆಗಿಬರೋದಿಲ್ಲ ಅಂತ ನಿಮ್ಮ ತಂದೆಯವರೇ ಹೇಳ್ತಿರಲಿಲ್ವಾ?"

ಅವನು ನಗಲಿಲ್ಲ. "ಖರೇರಿ. ಆ ಮಾತಿಗೆ ನಿಮ್ಮ ಸಾಹೇಬ್ರು ಊರ ಮುಂದ ನಮ್ಮಪ್ಪನ್ನ ನಗಪಾಟಲ ಮಾಡಿದ್ರು. ಅವತ್ತಿನಿಂದ ಆತ ದಿಬ್ಬದ ಸುದ್ದೀನ ತೆಗಿಯಂಗಿಲ್ಲ. ಈಗ ನೀವ ಬಂದು ರಾಕ್ಷಸ ಅದಾನ ಅಂದ್ರ, ನಾವು ಯಾರನ್ನ ನಂಬೂಣ ಹೇಳ್ರಿ?"

ಚಹಾ ಕುಡಿದು ಎದ್ದು ಬಂದೆ.

ಅಧಿಸೂಚನೆ ಮರುವರ್ಷ ಬಂತು, ಸರಿಯಾದ ಸರ್ವೇ ನಂಬರಿನೊಂದಿಗೆ. ಇದು ಸಂರಕ್ಷಿತ ಸ್ಥಳ ಎಂಬ ಇಲಾಖೆಯ ನೀಲಿ ಬೋರ್ಡನ್ನು ಸಮತಟ್ಟು ನೆಲದಲ್ಲಿ ನೆಟ್ಟು ಬಂದೆವು.

ನಿಜ ಹೇಳುವುದು ನಮ್ಮ ಕಸುಬು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೂರಿನ ನಂಬಿಕೆ ಯಾವುದನ್ನು ಕಾಯುತ್ತಿದೆ ಎಂದು ಮೊದಲು ನೋಡಬೇಕು, ಕಾಯಲು ಬೇರೆ ಏರ್ಪಾಡು ಮಾಡಬೇಕು, ಆಮೇಲೆ ಬಾಯಿ ತೆರೆಯಬೇಕು. ಮುಂದೆ ಚೋರನೂರು ಕಡೆ ಸರ್ವೇಗೆ ಹೋದಾಗ ಇನ್ನೊಂದು ಬೂದಿಗುಡ್ಡೆ ಸಿಕ್ಕಿತು. ಇದೇನು ಎಂದು ಕೇಳಿದೆ. ರಾಕ್ಷಸರದ್ದು ಎಂದರು. ಅಧಿಸೂಚನೆ ಬಂದು ಗುಡ್ಡೆಯ ಸುತ್ತ ಬೇಲಿ ಹಾಕಿಸುವವರೆಗೂ ನಾನು ಹೌದೌದು ಎನ್ನುತ್ತಲೇ ಇದ್ದೆ.