ತಟ್ಟಕ್ಕ ಹೂಂ ಅನ್ನದೆ ದೋಣಿ ಕೈ ಬದಲಾಗದು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೋಣಿಕಟ್ಟೆಯ ಕೊನೆಯ ಸಾಲಿನಲ್ಲಿ ನಿಂತ ಹಾಯಿದೋಣಿಯೊಂದರ ಒಳಗೆ ಹೆಂಗಸೊಬ್ಬರು ಮಂಡಿಯೂರಿದ್ದಾರೆ. ಕೈಯಲ್ಲಿ ಸಣ್ಣ ಮರದ ಸುತ್ತಿಗೆ. ಟಕ್, ಟಕ್, ಟಕ್. ನಾಲ್ಕು ಬೆರಳಗಲಕ್ಕೊಂದು ಪೆಟ್ಟು ಹಾಕುತ್ತಾ, ಕಣ್ಣು ಮುಚ್ಚಿ, ದೋಣಿಯ ಗೋಡೆಗೆ ಕಿವಿ ಆನಿಸಿ ಕೇಳುತ್ತಾರೆ.

"ಈ ಹೊತ್ತಲ್ಲೇ ಬರಬೇಕು. ಏಳಾಯ್ತು ಅಂದ್ರೆ ಎಲ್ಲರೂ ಮೋಟರ್ ಶುರು ಮಾಡ್ತಾರೆ. ಆಮೇಲೆ ದೋಣಿ ಏನು ಹೇಳಿದ್ರೂ ಕೇಳಲ್ಲ."

ಕಟ್ಟೆಯವರಿಗೆಲ್ಲ ಇವರು ತಟ್ಟಕ್ಕ. ಹಳೇ ದೋಣಿ ಕೊಳ್ಳುವವರು ಕೈ ಕುಲುಕುವ ಮೊದಲು ಇವರನ್ನು ಕರೆಸುತ್ತಾರೆ. ವಯಸ್ಸು ಐವತ್ತೇಳು. ದೋಣಿ ಕಟ್ಟುವ ಶೆಡ್ಡಿನಲ್ಲಿ ಹದಿನಾರು ವರ್ಷ ಫೈಬರ್ ಮೆತ್ತಿದವರು. ಶೆಡ್ಡಿಗೆ ಬೀಗ ಬಿದ್ದ ಮೇಲೆ ಈ ಕೆಲಸ ಹಿಡಿದು ಹತ್ತೊಂಬತ್ತು ವರ್ಷ. ನೋಡಿದ ದೋಣಿ ಆರುನೂರಕ್ಕೂ ಮಿಕ್ಕಿ. ಒಂದೊಂದು ದೋಣಿಗೆ ಎರಡು ಸಾವಿರ ಪೆಟ್ಟಾದರೂ ಬೇಕು. ಗಟ್ಟಿಯಿದ್ದರೆ 'ಟಕ್', ನೀರು ಕುಡಿದು ಕೊಳೆತಿದ್ದರೆ 'ಡಬ್'. ಮೇಲೆ ಥಳುಕು ಒಳಗೆ ಹುಳುಕು ಅನ್ನುವ ಮಾತಿನ ಅರ್ಥ ಇವರ ಕಿವಿಗೆ ಗೊತ್ತು. ಮನೆಗೆ ಹೊಸ ಮಂಚ ತಂದರೂ ಮೊದಲು ತಟ್ಟುತ್ತಾರಂತೆ. "ಮದುವೆಗೆ ಮುಂಚೆ ನನ್ನ ತಲೇನೂ ತಟ್ಟಿ ನೋಡ್ಬೇಕಿತ್ತು," ಎನ್ನುವುದು ಕ್ಷೌರಿಕರಾದ ಗಂಡನ ಹಳೇ ಜೋಕು.

ಒಮ್ಮೆ ಇವರೇ ಎಡವಿದ್ದೂ ಉಂಟು. ಈ ಕೆಲಸಕ್ಕೆ ಬಂದ ಎರಡನೇ ವರ್ಷ, ಮಾರುವವರ ಅವಸರಕ್ಕೆ ಮಣಿದು, ದೋಣಿಯನ್ನು ನೀರಿನಿಂದ ಎತ್ತಿಸದೆಯೇ ಒಪ್ಪಿಗೆ ಬರೆದುಕೊಟ್ಟರು. ಮೂರನೇ ವಾರ ಅದರ ತಳಕ್ಕೆ ನೀರು ನುಗ್ಗಿತು. ದೋಣಿ ಕೊಂಡಿದ್ದ ಅಪ್ಪ, ಅವರ ಇಬ್ಬರು ಹೆಣ್ಣುಮಕ್ಕಳು ಹಾಯಿಕಂಬ ತಬ್ಬಿ ಕೂತಿದ್ದರು. ಮೀನುಗಾರರು ಕಂಡು ಎಳೆದುಕೊಂಡರು. "ಅವರು ನನಗೊಂದು ಮಾತೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು," ಎನ್ನುವಾಗ ತಟ್ಟಕ್ಕನ ಸುತ್ತಿಗೆ ನಿಲ್ಲುತ್ತದೆ.

ಅಂದಿನಿಂದ ಒಂದೇ ನಿಯಮ: ನೀರಿನಿಂದ ಎತ್ತದೆ ಹೂಂ ಇಲ್ಲ.

ಇಂದಿನ ದೋಣಿ ನಿವೃತ್ತ ಡ್ರಾಯಿಂಗ್ ಮೇಷ್ಟರದ್ದು. ಇಬ್ಬರು ಮಲಗುವಷ್ಟು ಕೋಣೆ, ಪುಟ್ಟ ಒಲೆ, ಪಾತ್ರೆ ತೊಳೆಯುವ ತೊಟ್ಟಿ. ಕೊಳ್ಳಲು ಬಂದವರು ಬಸ್ ಡ್ರೈವರ್ ಮತ್ತು ಅವರ ನರ್ಸ್ ಹೆಂಡತಿ. ಹನ್ನೊಂದು ವರ್ಷದ ಕನಸು. ಕಿಟಕಿಯ ಪರದೆಗೆ ಬಟ್ಟೆ ಕೂಡ ಆರಿಸಿಟ್ಟಿದ್ದಾರೆ. ಒಳಗೆಲ್ಲ ತಟ್ಟಿದ್ದಾಯಿತು, ಎಲ್ಲೂ 'ಡಬ್' ಇಲ್ಲ. ಆದರೂ ತಟ್ಟಕ್ಕ ಕ್ರೇನು ತರಿಸಿ ಎಂದಾಗ ಮೇಷ್ಟರ ಮುಖ ಕೆಂಪಾಗುತ್ತದೆ.

"ಇಪ್ಪತ್ತು ವರ್ಷ ಓಡಿಸಿದೀನಮ್ಮ. ನನ್ನ ಮಾತು ಸಾಲಲ್ವಾ?"

"ನಿಮ್ಮ ಮಾತು ನಂಬ್ತೀನಿ ಸಾರ್. ಆದ್ರೆ ನೀರಿನ ಕೆಳಗಿರೋದು ನಿಮಗೂ ಕಂಡಿಲ್ಲ, ನನಗೂ ಕಂಡಿಲ್ಲ."

ಡ್ರೈವರಿಗೂ ಕಸಿವಿಸಿ. "ಬಿಡಿ ಅಕ್ಕಾ, ಇವರು ಅಂಥವರಲ್ಲ." ನರ್ಸ್ ಗಂಡನ ಕೈ ಹಿಡಿದು ಸುಮ್ಮನಾಗಿಸುತ್ತಾರೆ. "ರೋಗಿ ಚೆನ್ನಾಗಿದ್ದೀನಿ ಅಂದ ತಕ್ಷಣ ನಾವು ಮನೆಗೆ ಕಳಿಸ್ತೀವಾ?"

ದೋಣಿ ಮೇಲೇಳುತ್ತದೆ. ತಟ್ಟಕ್ಕ ತಳದ ಸುತ್ತ ತಟ್ಟುತ್ತಾ, ತೊಟ್ಟಿಯ ನೀರು ಹೊರಹೋಗುವ ಕೊಳವೆಯ ಬಾಯಿಗೆ ಕೂರಿಸಿದ ಹಿತ್ತಾಳೆಯ ಬಳೆಯ ಹತ್ತಿರ ನಿಲ್ಲುತ್ತಾರೆ. ಹಳದಿ ಇರಬೇಕಾದ ಲೋಹವನ್ನು ಉಪ್ಪುನೀರು ತಿಂದು ಗುಲಾಬಿಗೆ ತಿರುಗಿಸಿದೆ. ಸುತ್ತಿಗೆಯಿಂದ ಮೆಲ್ಲಗೆ ಮುಟ್ಟಿದ್ದೇ ತಡ, ಅದು ಒಣರೊಟ್ಟಿಯ ಚೂರಿನಂತೆ ಕಳಚಿ ಕೆಳಗೆ ಬೀಳುತ್ತದೆ. ದೋಣಿಯ ಹೊಟ್ಟೆಯಲ್ಲಿ ಅಂಗೈ ಅಗಲದ ತೂತು.

ಮೇಷ್ಟರು ಬಿದ್ದ ಚೂರನ್ನು ಎತ್ತಿ ನೋಡುತ್ತಾರೆ. "ಹೋದ ಭಾನುವಾರ... ಮೊಮ್ಮಕ್ಕಳನ್ನ ಕೂರಿಸ್ಕೊಂಡು ದೀಪಸ್ತಂಭದ ತನಕ ಹೋಗಿದ್ದೆ," ಎಂದವರೇ ಮುಖ ಮುಚ್ಚಿಕೊಳ್ಳುತ್ತಾರೆ. ತಟ್ಟಕ್ಕ ನೀರಿನ ಬಾಟಲಿ ಚಾಚುತ್ತಾರೆ. "ಏನೂ ಆಗ್ಲಿಲ್ವಲ್ಲ ಸಾರ್. ಕುಡೀರಿ."

ಇಷ್ಟಕ್ಕೆ ದೋಣಿ ಕೈಬಿಡಬೇಕಿಲ್ಲ, ತಳ ಕಲ್ಲಿನಂತಿದೆ ಎಂಬುದು ತಟ್ಟಕ್ಕನ ತೀರ್ಪು. ಮೇಷ್ಟರು ತಾವಾಗಿಯೇ ದೋಣಿಯಲ್ಲಿದ್ದ ಅಂಥ ಮೂರೂ ಬಳೆಗಳನ್ನು ತೆಗೆಸಿ ಕಂಚಿನವನ್ನು ಹಾಕಿಸುತ್ತಾರೆ. ಮೂರನೇ ದಿನ ದೋಣಿ ಮತ್ತೆ ನೀರಿಗಿಳಿದಾಗ ತಟ್ಟಕ್ಕ ತೊಟ್ಟಿಯ ಕೆಳಗೆ ಕೈಯಿಟ್ಟು ಎರಡು ಗಂಟೆ ಕೂರುತ್ತಾರೆ. ಬೆರಳು ಒಣಗಿಯೇ ಇವೆ. "ಹೂಂ," ಅನ್ನುತ್ತಾರೆ. ಡ್ರೈವರ್ ಬಿಟ್ಟ ನಿಟ್ಟುಸಿರು ಪಕ್ಕದ ದೋಣಿಯವರಿಗೂ ಕೇಳಿಸಿ ಎಲ್ಲರೂ ನಗುತ್ತಾರೆ. ಬೀಗದ ಕೈ ಕೊಡುವಾಗ ಮೇಷ್ಟರ ಕಣ್ಣು ಒದ್ದೆ. ಮುಖದಲ್ಲಿ ಮಾತ್ರ ಹೋದ ಜೀವ ಬಂದ ಕಳೆ.

ಮುಂದಿನ ಆಸೆ ಏನೆಂದು ಕೇಳಿದರೆ ತಟ್ಟಕ್ಕ ಮಂಡಿ ಉಜ್ಜಿಕೊಳ್ಳುತ್ತಾ ಯೋಚಿಸುತ್ತಾರೆ.

"ನಾನು ಹೂಂ ಅಂದ ದೋಣಿಯವರು ಯಾರೂ ನೀರು ನುಗ್ತು ಅಂತ ನನಗೆ ಫೋನ್ ಮಾಡೋ ಹಾಗೆ ಆಗ್ಬಾರ್ದು, ಅಷ್ಟೇ. ಹದಿನೇಳು ವರ್ಷ ಆಯ್ತು. ಒಬ್ಬರೂ ಮಾಡಿಲ್ಲ."