ಕಾಲಿಗೆ ಬೀಳದ ಮಗಳು

ಕಾರಟಗಿಯಿಂದ ಕೊಪ್ಪಳದವರೆಗೆ ಬಸ್ಸಿನಲ್ಲಿ ನಾನು ಮಗಳಿಗೆ ಹೇಳಿದ್ದು ಒಂದೇ ಮಾತು. "ಹೋದಕೂಡ್ಲೆ ಕಾಲಿಗೆ ಬೀಳು. ತಪ್ಪಾತು ಅನ್ನು. ಮುಗೀತೈತಿ." ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಗಂಗಾವತಿ ದಾಟಿದ ಮೇಲೆ ಮತ್ತೆ ಹೇಳಿದೆ. ನನ್ನದು ಸುಮ್ಮನಿರುವ ಬಾಯಲ್ಲ. ಅವತ್ತು ಜೀವವೂ ಸುಮ್ಮನಿರಲಿಲ್ಲ.

ಒಂಬತ್ತನೇ ತರಗತಿಯ ಹುಡುಗಿ, ಪಕ್ಕದ ಮನೆಯವರ ಹುಲ್ಲಿನ ಬಣವೆಗೆ ಬೆಂಕಿ ಇಟ್ಟಿದ್ದಳು. ಯಾಕೆಂದು ಹೊಡೆದು ಕೇಳಿದೆ, ರಮಿಸಿ ಕೇಳಿದೆ, ಬಾಯಿ ಬಿಡಲಿಲ್ಲ. ಕೇಸು ಮಕ್ಕಳ ನ್ಯಾಯಮಂಡಳಿಗೆ ಹೋಯಿತು. ಎರಡೂ ಮನೆಯವರು ಎದುರುಬದುರು ಕುಳಿತು ಮಾತಾಡಿ ಎಂದರು ಅಲ್ಲಿಯ ಮೇಡಂ. ನಷ್ಟವಾದವರು ಒಪ್ಪಿದರೆ ಹುಡುಗಿ ಮನೆಯಲ್ಲೇ ಇದ್ದು ಶಾಲೆಗೆ ಹೋಗಬಹುದು. ಇಲ್ಲದಿದ್ದರೆ ವಿಚಾರಣೆ ನಡೆಯುತ್ತದೆ, ದೂರದ ಊರಿನ ಸರಕಾರಿ ಗೃಹಕ್ಕೆ ಕಳಿಸಲೂಬಹುದು.

ಮಂಡಳಿಯ ಕಚೇರಿಯಲ್ಲೊಂದು ಚಿಕ್ಕ ಕೋಣೆ. ಪಕ್ಕದ ಮನೆಯಾಕೆ ಸೆರಗು ಹೊದ್ದು ಎದುರಿಗೆ ಕುಳಿತಿದ್ದಳು. ತಡೆಯಲಾರದೆ ಮಗಳ ಕತ್ತು ಹಿಡಿದು ಬಗ್ಗಿಸಿದೆ. ಅವಳು ಬಗ್ಗಲೇ ಇಲ್ಲ.

"ಆಕಿಗೆ ಬಾಯಿ ಐತಿ. ಆಕಿನೇ ಮಾತಾಡ್ಲಿ ಬಿಡ್ರಿ," ಎಂದರು ಮೇಡಂ.

"ದೊಡ್ಡವ್ವ, ನಾನ ಬೆಂಕಿ ಹಚ್ಚೀನಿ, ತಪ್ಪಾಗೈತಿ," ಎಂದಳು ಮಗಳು. "ಆದ್ರ ನಳದ ಹತ್ರ ಎಲ್ಲಾರ ಮುಂದ ನೀ ಏನಂದಿ? ಈ ಹುಡುಗಿ ಯಾವನದೋ ಬೈಕಿನ ಮ್ಯಾಲ ತಿರಗತಾಳ ಅಂದಿ. ಅವತ್ತಿಂದ ಸಾಲಿಗೆ ಹೋಗೋವಾಗ ಎಲ್ಲಾರೂ ನನ್ನ ನೋಡಿ ನಕ್ಕಂಗ ಆಗತೈತಿ."

ನನಗೆ ಗೊತ್ತೇ ಇರದ ಸಂಗತಿ! ಎದ್ದು ಆಕೆಯ ಜುಟ್ಟು ಹಿಡಿಯುವುದೊಂದು ಬಾಕಿ. ಮೇಡಂ ತೋಳು ಹಿಡಿದು ಕೂರಿಸಿದರು.

ಪಕ್ಕದ ಮನೆಯಾಕೆ, "ಬಣಿವಿ ಬಾಜೂಕ ನಮ್ಮ ಎಮ್ಮಿ ಕಟ್ಟಿತ್ತಲ್ಲವ್ವ. ಅದು ಸುಟ್ಟಿದ್ರ?" ಎಂದಳು.

"ಮೊದಲ ಅದನ್ನ ಬಿಚ್ಚಿ ಬಿಟ್ಟಿದ್ದೆ."

"ಅಯ್ಯ ನಿನ್ನ! ಹುಲಿಗೆಮ್ಮ ತಾಯಿನೇ ಎಮ್ಮಿ ಬಿಚ್ಚ್ಯಾಳ ಅಂತ ನಾ ಹುಲಿಗಿ ಗುಡಿಗೆ ಹೋಗಿ ಕಾಯಿ ಒಡಿಸ್ಕೊಂಡು ಬಂದೀನಲ್ಲ!"

ಮೇಡಂ ನಕ್ಕರು. ನನಗೆ ನಗುವ ಧೈರ್ಯ ಎಲ್ಲಿತ್ತು?

ಕಡೆಗೆ ಆಕೆ ಒಪ್ಪಿದಳು. ಹೊಸ ಹುಲ್ಲು ಬರುವವರೆಗೆ ಮಗಳು ಶಾಲೆ ಮುಗಿಸಿ ಎಮ್ಮೆಗೆ ಮೇವು ಕೊಯ್ದು ತರಬೇಕು. ಆಕೆ ತಾನಾಡಿದ ಮಾತು ಸುಳ್ಳೆಂದು ಅದೇ ನಳದ ಮುಂದೆ ಹೇಳಬೇಕು. ಎರಡನೆಯದನ್ನು ಕೇಳಿದ್ದು ಮಗಳೇ.

ಮರುದಿನ ನೀರು ಬಿಟ್ಟಾಗ ನಳದ ಹತ್ತಿರ ಮಗಳ ಜೊತೆ ಖಾಲಿ ಕೊಡ ಹಿಡಿದು ಚಡಪಡಿಸುತ್ತ ನಿಂತಿದ್ದೆ. ಆಕೆ ಹೇಳದೆ ಹೋದರೆ? ಹೇಳಿದ ಮೇಲೂ ಮಂದಿ ನಕ್ಕರೆ? ಆಕೆ ಗಂಟಲು ಸರಿಮಾಡಿಕೊಂಡು, "ಈ ಹುಡುಗಿ ಬಗ್ಗೆ ಅವತ್ತು ನಾ ಅಂದ ಮಾತು ಸುಳ್ಳ. ನನ್ನ ಬಾಯಿ ಹೊಲಸು," ಎಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. "ಯಾವ ಮಾತವ್ವ?" ಎಂದಳು ಒಬ್ಬಳು. ಯಾರಿಗೂ ನೆನಪಿರಲಿಲ್ಲ. ನನ್ನ ಮಗಳ ಕೈಗೆ ಬೆಂಕಿಕಡ್ಡಿ ಕೊಟ್ಟ ಮಾತನ್ನು ಅವರು ತುಂಬಿದ ಕೊಡ ಮನೆ ಸೇರುವಷ್ಟರಲ್ಲೇ ಮರೆತಿದ್ದರು.

ಮಗಳು ಬಿಕ್ಕಿ ಅಳತೊಡಗಿದಳು. ನಾನು ಕೊಡ ಇಳಿಸುವುದರೊಳಗೆ ಪಕ್ಕದ ಮನೆಯಾಕೆ ಅವಳನ್ನು ತಬ್ಬಿಕೊಂಡಿದ್ದಳು. ಹಾಳಾಗಲಿ, ನನಗೆ ಖುಷಿಯಾಗಬೇಕಿತ್ತು. ಹೆತ್ತವಳಿಗೆ ಹೇಳದೆ ನುಂಗಿಕೊಂಡಿದ್ದನ್ನು ಆಕೆಯ ಎದುರಿಗೆ ಹೇಳಿದಳಲ್ಲ ಎಂದು ಹೊಟ್ಟೆ ಉರಿಯಿತು.