ಹಾಲು ಒಗ್ಗದ ಮೊಮ್ಮಗಳು

ಆಸ್ಪತ್ರೆಯ ಜೀವರಸಾಯನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದ ಹೆಂಗಸನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ಏನು ನಡೆಯುತ್ತದೆಂದು ಯಾರಾದರೂ ಕೇಳಿದರೆ, "ರಕ್ತಕ್ಕೆ ಬಣ್ಣ ಬರಿಸ್ತಾರೆ, ನಾನು ತೊಳೀತೀನಿ" ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ತಿಳಿಯುವ ಗೋಜಿಗೆ ಅವಳು ಹೋಗಿರಲಿಲ್ಲ.

ಮಗಳು ಹೆತ್ತ ಎಂಟು ದಿನದ ಕೂಸು ಕುಡಿದ ಹಾಲನ್ನೆಲ್ಲ ಕಕ್ಕತೊಡಗಿತು. ಕಣ್ಣು ಹಳದಿಯಾಯಿತು. "ನಿನಗೆ ಮಗೂನ ಹಿಡಿಯೋಕೇ ಬರಲ್ಲ" ಎಂದು ಗಾಜಕ್ಕ ಮಗಳನ್ನು ಗದರಿ, ಅವಳಿಂದ ಇನ್ನೂ ಎರಡು ಸಲ ಹೆಚ್ಚಿಗೆ ಕುಡಿಸಿದಳು. ಮರುದಿನ ಕೂಸಿಗೆ ಅಳುವ ತ್ರಾಣವೂ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಅದರ ರಕ್ತ ಗಾಜಕ್ಕನ ಪ್ರಯೋಗಾಲಯಕ್ಕೇ ಬಂತು.

ಮಧ್ಯಾಹ್ನ ಪ್ರಯೋಗಾಲಯದ ಡಾಕ್ಟರಮ್ಮ ಅವಳನ್ನು ಹುಡುಕಿಕೊಂಡು ಬಂದರು.

"ಅಕ್ಕ, ಮಗೂಗೆ ಹಾಲು ನಿಲ್ಲಿಸಬೇಕು. ತಾಯಿ ಹಾಲೂ ಬೇಡ."

"ಅಯ್ಯೋ! ತಾಯಿ ಹಾಲು ಯಾರಿಗಾದ್ರೂ ಕೇಡು ಮಾಡುತ್ತಾ?"

"ಹಾಲಿನ ಸಕ್ಕರೆ ಹೊಟ್ಟೇಲಿ ಎರಡು ತುಂಡಾಗುತ್ತೆ. ಅದರಲ್ಲಿ ಒಂದನ್ನ ಮೈಗೆ ಒಗ್ಗೋ ಹಾಗೆ ಬದಲಾಯಿಸೋಕೆ ಒಂದು ಕಿಣ್ವ ಬೇಕು. ಅದನ್ನ ಮೈಯೇ ತಯಾರಿಸುತ್ತೆ. ಈ ಮಗೂ ಮೈ ತಯಾರಿಸ್ತಿಲ್ಲ. ಆ ಸಕ್ಕರೆ ರಕ್ತದಲ್ಲೇ ಉಳಿದು ಲಿವರ್ ಕೆಡಿಸ್ತಿದೆ."

"ತಪ್ಪು ಯಾರದು? ಮಗಳದಾ, ಅಳಿಯನದಾ?"

"ಯಾರದೂ ಅಲ್ಲ. ಇಬ್ಬರ ಕಡೆಯಿಂದಲೂ ಕೊರತೆ ಬಂದಿದೆ."

"ಇಬ್ಬರೂ ಲೋಟಗಟ್ಟಲೆ ಹಾಲು ಕುಡೀತಾರಲ್ಲಮ್ಮ!"

"ಒಬ್ಬೊಬ್ಬರಲ್ಲಿ ಅರ್ಧ ಕೊರತೆ, ಅದಕ್ಕೆ ಅವರಿಗೇನೂ ಆಗಲ್ಲ. ಎರಡೂ ಸೇರಿ ಮಗೂಗೆ ಪೂರ್ತಿ ಕೊರತೆ" ಎಂದು ಡಾಕ್ಟರಮ್ಮ ಚೀಟಿಯ ಮೇಲೆ ಚಿತ್ರ ಬರೆದು ಮತ್ತೆ ಹೇಳಿದರು. ಗಾಜಕ್ಕ ತಲೆಯಾಡಿಸಿದಳು. ತಲೆಬುಡ ತಿಳಿಯಲಿಲ್ಲ.

ವಾರ್ಡಿನಲ್ಲಿ ಮಗಳು, "ನನ್ನ ಹಾಲೇ ಬೇಡ್ವಾ ಅಮ್ಮಾ?" ಎಂದು ಬಿಕ್ಕಿದಳು. "ಹಾಲು ಎರಡು ತುಂಡಾಗುತ್ತಂತೆ..." ಎಂದು ಶುರುಮಾಡಿದ ಗಾಜಕ್ಕ ಅಲ್ಲೇ ತಡವರಿಸಿದಳು. ಕಡೆಗೆ ಮಗಳ ಕೈ ಹಿಡಿದು, "ಕುಡಿಸು ಕುಡಿಸು ಅಂತ ಜೀವ ತಿಂದವಳು ನಾನು. ಗೊತ್ತಿರಲಿಲ್ಲ ಕಣೆ" ಎಂದಳು.

ಹಾಲಿನ ಬದಲು ಸೋಯಾ ಪುಡಿ ಕದಡಿ ಕೊಟ್ಟರು. ಐದನೆಯ ದಿನ ಕೂಸು ವಾರ್ಡೇ ಎದ್ದು ಕೂರುವಂತೆ ಕಿರುಚಿತು. ಗಾಜಕ್ಕನಿಗೆ ನಗು ಅಳು ಒಟ್ಟಿಗೇ ಬಂದವು.

ಈಗ ಮೊಮ್ಮಗಳಿಗೆ ಎರಡೂವರೆ ವರ್ಷ, ಮನೆ ತುಂಬ ಓಡಾಟ. ಬಿಸ್ಕತ್ತಿನ ಪೊಟ್ಟಣ ಮನೆಗೆ ಬಂದರೆ ಗಾಜಕ್ಕ ಕನ್ನಡಕ ಏರಿಸಿ, ಹಾಲಿನ ಹೆಸರಿದೆಯೇ ಎಂದು ಅಕ್ಷರ ಅಕ್ಷರ ಹುಡುಕುತ್ತಾಳೆ. ಮೊನ್ನೆ ಪಕ್ಕದ ಮನೆಯಾಕೆ ಮಗುವಿಗೆಂದು ಹಾಲಿನ ಲೋಟ ತಂದು, "ಒಂದು ಗುಟುಕು ಹಾಲು ಕುಡಿದರೆ ಏನಾಗುತ್ತೆ?" ಎಂದು ಮೂಗು ಮುರಿದಳು.

"ಏನಾಗುತ್ತೆ ಅಂತ ಗೊತ್ತು. ಯಾಕಾಗುತ್ತೆ ಅಂತ ಮಾತ್ರ ನನ್ನ ಕೇಳಬೇಡಿ" ಎಂದು ಗಾಜಕ್ಕ ಲೋಟವನ್ನು ಆಕೆಯ ಕೈಗೇ ವಾಪಸ್ ಕೊಟ್ಟಳು.